ಮದುರೈ ಬಿಸಿಲಿಗೆ, ಇಡುಕ್ಕಿ ಮಳೆಗೆ

ಸೊರಬದ ತೋಟಗಾರಿಕೆ ಕಚೇರಿಯಿಂದ ಕಾಗದ ಬಂದಾಗ ಸದಾಶಿವಪ್ಪ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದ. ಮನೆಗೆ ಯಾರ ಹೆಸರಿಗೆ ಏನು ಬಂದರೂ ಒಡೆಯುವವನು ಅವನೇ. ಎಡಗೈಯಲ್ಲಿ ಲಕೋಟೆ ಹರಿದು, ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ. ಶುಂಠಿ, ಕಾಳುಮೆಣಸು ಬೆಳೆಗಾರರಿಗೆ ಏಳು ದಿನದ ಅಧ್ಯಯನ ಪ್ರವಾಸ. ಮದುರೈಯಲ್ಲಿ ಎರಡು ದಿನ ತರಬೇತಿ, ಆಮೇಲೆ ಇಡುಕ್ಕಿ ಬೆಟ್ಟದ ತೋಟಗಳಲ್ಲಿ ಎರಡು ದಿನ, ಉಳಿದದ್ದು ದಾರಿ. ಜುಲೈ ಕೊನೆಯ ವಾರ ಸೊರಬ ಬಸ್ ನಿಲ್ದಾಣದಿಂದ ಬೆಳಿಗ್ಗೆ ಆರಕ್ಕೆ ಹೊರಡುವುದು. ಬೆಟ್ಟಕ್ಕೆ ಜೀಪಿನಲ್ಲಿ ಹೋಗಬೇಕಾದ್ದರಿಂದ ಒಬ್ಬರಿಗೆ ಒಂದೇ ಬ್ಯಾಗು, ಹತ್ತು ಕಿಲೋ ಮೀರಬಾರದು.

"ನೋಡ್ದೇನೋ," ಎಂದು ಮಗ ರಾಜಕುಮಾರನ ಕಡೆ ತಿರುಗಿದ. "ಇಷ್ಟು ವರ್ಷ ಶುಂಠಿ ಹಾಕಿದ್ದಕ್ಕೆ ಈಗ ನನ್ನ ನೆನಪಾಗೈತೆ ಇವ್ರಿಗೆ."

ಅಂದೇ ಸಂಜೆ ಶಿಕಾರಿಪುರದ ಪೇಟೆಯಲ್ಲಿ ಒಂದು ನೀಲಿ ರೇನ್‌ಕೋಟು, ಹೆಗಲಿಗೆ ಹಾಕುವ ಒಂದು ಬ್ಯಾಗು ಕೊಂಡು ತಂದ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾಲ್ಕು ಜನಕ್ಕೆ ಹೇಳಿದ. ಅವರು ಇನ್ನು ಹತ್ತು ಜನಕ್ಕೆ ಹೇಳಿದರು. ಮೂರನೆಯ ದಿನ ಕಚೇರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ತಾನು ಬರುವುದಾಗಿ ತಿಳಿಸಿದ.

ಆ ಕಡೆ ಶ್ರೀರಂಜಿನಿ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ ಇದ್ದಳು. "ಕಾಗದ ದ್ಯಾಮಮ್ಮ ಅವರ ಹೆಸರಿಗೆ ಕಳ್ಸಿರೋದು ಸರ್. ಅವರು ಇದಾರಾ?"

"ಅವಳು ನನ್ನ ಹೆಂಡ್ತಿ ಕಣಮ್ಮ. ಹೊಲ ಮಾಡೋದು ನಾನು."

"ಪಹಣಿ ಯಾರ ಹೆಸರಿಗಿದೆಯೋ ಅವರೇ ಬರಬೇಕು ಸರ್. ರೂಮು, ವಿಮೆ ಎಲ್ಲ ಅವರ ಆಧಾರ್ ಮೇಲೇನೇ ಆಗೋದು. ಅವರಿಗೆ ಆಗಲ್ಲ ಅಂದ್ರೆ ಹೇಳಿ, ಪಟ್ಟೀಲಿ ಮುಂದಿನವರನ್ನ ಕರೀತೀವಿ."

ಸದಾಶಿವಪ್ಪನ ಮುಖ ಸಪ್ಪಗಾಯಿತು. "ಹಂಗಾದ್ರೆ ಮುಂದಿನೋರ್ನೇ..." ಎನ್ನುವಷ್ಟರಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ದ್ಯಾಮಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ತಡೀರಿ. ಆಗಲ್ಲ ಅಂತ ನಾನು ಹೇಳಿಲ್ಲ," ಎಂದು ಫೋನಿನ ಹತ್ತಿರ ಬಗ್ಗಿ, "ನಾನು ಬರ್ತೀನಿ ಅಂತ ಬರ್ಕಳವ್ವ," ಎಂದಳು.

ಸದಾಶಿವಪ್ಪ ಫೋನು ಇಟ್ಟು ಹೆಂಡತಿಯ ಕಡೆ ತಿರುಗಿದ.

"ಶಿವಮೊಗ್ಗಕ್ಕೆ ಹೋದ್ರೂ ಸಂಜೆಗೆ ವಾಪಸ್ ಬರೋಳು ನೀನು. ಏಳು ದಿನ ಹೋಗ್ತೀಯಾ?" ಎಂದ ಸದಾಶಿವಪ್ಪ.

"ಅದಕ್ಕೇ ಹೋಗ್ತೀನಿ," ಎಂದು ದ್ಯಾಮಮ್ಮ ಒಳಗೆ ಹೋದಳು.

ಸೊರಬ ತಾಲ್ಲೂಕಿನ ಹೊಸಬಾಳೆಯ ಆ ಎರಡೂವರೆ ಎಕರೆ ದ್ಯಾಮಮ್ಮನ ಅಪ್ಪ ಅರಿಶಿನ ಕುಂಕುಮಕ್ಕೆಂದು ಮಗಳಿಗೆ ಕೊಟ್ಟದ್ದು. ಪಹಣಿಯಲ್ಲಿ ಅಂದಿನಿಂದಲೂ ಅವಳ ಹೆಸರೇ. ಆದರೆ ಊರಲ್ಲಿ ಎಲ್ಲರಿಗೂ ಅದು ಸದಾಶಿವಪ್ಪನ ಹೊಲ. ಮೂವತ್ತೆಂಟು ವರ್ಷದಿಂದ ಗಂಡ ಹೆಂಡತಿ ಇಬ್ಬರೂ ಶಿಕಾರಿಪುರದಿಂದ ಮೊದಲು ಬಸ್ಸಿನಲ್ಲಿ, ಆಮೇಲೆ ಬೈಕಿನಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಅಲ್ಲಿಗೆ ಹೋಗಿ ಬಂದಿದ್ದರು. ಉಳಿದ ದಿನ ನೋಡಿಕೊಳ್ಳಲು ಅಲ್ಲೇ ಊರಿನ ಗುತ್ಯಪ್ಪ ಇದ್ದ. ಬೀಜದ ಶುಂಠಿ ಆರಿಸುವುದು, ನೆಟ್ಟ ಮಡಿಗೆ ಸೊಪ್ಪು ಹೊದಿಸುವುದು, ಕಳೆ ತೆಗೆಸುವುದು ದ್ಯಾಮಮ್ಮನ ಕೆಲಸ. ಮಾರುವುದು, ಮಾತಾಡುವುದು ಸದಾಶಿವಪ್ಪನ ಕೆಲಸ.

ಮಾರನೆಯ ದಿನದಿಂದ ಅವನು ಊಟದಲ್ಲಿ ಮಾತು ಬಿಟ್ಟ. ಪಲ್ಯ ಮುಟ್ಟದೆ ಮಜ್ಜಿಗೆ ಅನ್ನ ಉಂಡು ಏಳುತ್ತಿದ್ದ. ಹೋಟೆಲಿಗೆ ಹೋಗುವುದನ್ನೂ ಬಿಟ್ಟ. ಅಲ್ಲಿ ಎಲ್ಲರೂ "ಯಾವತ್ತು ಪ್ರಯಾಣ" ಎಂದು ಕೇಳುತ್ತಿದ್ದರು.

ರಾಜಕುಮಾರನಿಗೆ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪೈಪು, ಮೋಟಾರಿನ ಅಂಗಡಿ. ಅಪ್ಪನ ಮುಖ ನೋಡಲಾಗದೆ ಒಂದು ಸಂಜೆ ತಾಯಿಯ ಹತ್ತಿರ ಕೂತ.

"ಅವ್ವ, ಅಪ್ಪಾಜಿಗೆ ಭಾಳ ಬೇಜಾರಾಗೈತೆ. ಊರೆಲ್ಲ ಹೇಳ್ಕಂಡು ಬಂದಾರೆ. ಈ ಸಲ ಬಿಟ್ಟುಬಿಡು. ಮುಂದೆ ನಾನೇ ನಿಮ್ಮಿಬ್ರನ್ನೂ ಎಲ್ಲಿಗಾದ್ರೂ ಕರ್ಕಂಡು ಹೋಗ್ತೀನಿ."

ದ್ಯಾಮಮ್ಮ ಉತ್ತರ ಕೊಡುವ ಮೊದಲೇ ಸೊಸೆ ಗಂಗಾಶ್ರೀ ಒಳಗಿನಿಂದ ಬಂದಳು. ಅವಳು ಅಂಗನವಾಡಿ ಟೀಚರು. ದಿನವಿಡೀ ಮಕ್ಕಳಿಗೆ ಬುದ್ಧಿ ಹೇಳಿ ಬಂದವಳಿಗೆ ಮನೆಯಲ್ಲಿ ಅದನ್ನು ನಿಲ್ಲಿಸುವುದು ಕಷ್ಟ.

"ಮದ್ವೆ ಆಗಿ ಇಪ್ಪತ್ತು ವರ್ಷ ಆತು, ನನ್ನನ್ನೇ ಇನ್ನೂ ಜೋಗಕ್ಕೆ ಕರ್ಕಂಡು ಹೋಗಿಲ್ಲ ನೀವು. ಅತ್ತೇರ್ನ ಯಾವಾಗ ಕರ್ಕಂಡು ಹೋಗ್ತೀರಿ?"

"ನೀನು ಮಧ್ಯೆ ಬರಬ್ಯಾಡ."

"ಯಾಕೆ ಬರಬಾರ್ದು? ಅತ್ತೆ ಹೋದ್ರೆ ಏಳು ದಿನ ಅಡುಗೆ ನನ್ನ ತಲೆ ಮೇಲೆ ಬೀಳೋದು. ನಾನೇ ಹೋಗ್ಲಿ ಅಂತಿದೀನಿ. ನಿಮಗೇನು ಕಷ್ಟ?"

ರಾಜಕುಮಾರ ಎದ್ದು ಹೋದ. ಒಳಗೆ ತಿರುಗಿದ ಸೊಸೆಯ ಬೆನ್ನನ್ನು ದ್ಯಾಮಮ್ಮ ನೋಡಿದಳು. ಈ ಇಪ್ಪತ್ತು ವರ್ಷದಲ್ಲಿ ಸಾರಿನ ಹುಳಿಗೆ, ಬಟ್ಟೆ ಒಣಗಿಸುವ ಹಗ್ಗಕ್ಕೆ, ಯಾವುದಕ್ಕೆಲ್ಲ ಇವಳ ಜೊತೆ ಜಗಳವಾಡಿದ್ದೇನೆ ಎಂದು ನೆನೆದು ಅವಳಿಗೆ ನಗು ಬಂತು.

ತಯಾರಿ ಶುರುವಾದದ್ದು ಮೊಮ್ಮಗಳು ಧನ್ಯಾಳಿಂದ. ಪಿಯುಸಿ ಮುಗಿಸಿ ಕಾಲೇಜಿನ ಸೀಟಿಗೆ ಕಾಯುತ್ತಾ ಮನೆಯಲ್ಲೇ ಇದ್ದಳು. ಫೋನು ಹಿಡಿದು ಅಜ್ಜಿಯ ಪಕ್ಕ ಕೂತು ಹವಾಮಾನ ಓದಿದಳು.

"ಮದುರೈ ಮೂವತ್ತೆಂಟು ಡಿಗ್ರಿ ಅಜ್ಜಿ. ಇಡುಕ್ಕಿ ಹತ್ತೊಂಬತ್ತು, ಇಡೀ ದಿನ ಮಳೆ."

"ಹಂಗಂದ್ರೆ ಏನು ಉಡಬೇಕು?"

"ಮದುರೈಗೆ ತೆಳ್ಳಗಿರೋದು, ಇಡುಕ್ಕಿಗೆ ಬೆಚ್ಚಗಿರೋದು."

ದ್ಯಾಮಮ್ಮ ಟ್ರಂಕು ತೆರೆದು ಎರಡು ಇಳಕಲ್ ಸೀರೆ, ನಾಲ್ಕು ಕಾಟನ್ ಸೀರೆ, ಸ್ವೆಟರು, ಉಣ್ಣೆಯ ಶಾಲು, ಹೊದೆಯಲು ರಗ್ಗು ಮಂಚದ ಮೇಲಿಟ್ಟಳು. ಲಿಂಗಪೂಜೆಯ ತಟ್ಟೆ, ವಿಭೂತಿ ಗಟ್ಟಿ, ಸಣ್ಣ ಚೊಂಬು ಬೇರೆ. ಆಮೇಲೆ ತಿನ್ನುವುದರ ಸರದಿ. ಒಂದೂ ಮುರಿಯದಂತೆ ಬಟ್ಟೆಯಲ್ಲಿ ಕಟ್ಟಿದ ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುರಿದ ಅವಲಕ್ಕಿ, ನಿಂಬೆ ಉಪ್ಪಿನಕಾಯಿ, ಬೆಲ್ಲ. ಎಲ್ಲವನ್ನೂ ಬ್ಯಾಗಿಗೆ ತುಂಬಿ ಅಂಗಡಿಗೆ ಒಯ್ದು ತೂಗಿದಾಗ ರಾಜಕುಮಾರ ತೂಕದ ಮುಳ್ಳು ನೋಡಿ ಗಲ್ಲ ಕೆರೆದುಕೊಂಡ.

"ಹತ್ತೊಂಬತ್ತು ಕಿಲೋ ಅವ್ವ. ಇನ್ನೊಬ್ರು ರೈತರನ್ನೇ ಕರ್ಕಂಡು ಹೋಗ್ತಿದೀಯಲ್ಲ."

ಮನೆಗೆ ತಂದು ಗಂಗಾಶ್ರೀ ಒಂದೊಂದನ್ನೇ ಹೊರಗೆ ತೆಗೆದಳು. "ರಗ್ಗು ಬ್ಯಾಡ, ಅಲ್ಲಿ ಕೊಡ್ತಾರೆ. ರೊಟ್ಟಿ ಹತ್ತು ಸಾಕು."

"ಅಲ್ಲಿ ಮೂರು ಹೊತ್ತೂ ಅನ್ನ ಅಂತೆ. ರೊಟ್ಟಿ ಇಲ್ದೆ ನನಗೆ ಹೊಟ್ಟೆ ನಿಲ್ಲಲ್ಲ."

"ಹದಿನೈದು. ಇಳಕಲ್ ಸೀರೆ ಯಾಕತ್ತೆ? ಒಂದೊಂದೂ ಮುಕ್ಕಾಲು ಕಿಲೋ ಐತೆ."

"ಮೀನಾಕ್ಷಿ ಗುಡಿಗೆ ಹೋಗ್ತೀವಲ್ಲ. ದೇವ್ರ ಮುಂದೆ ಮಾಸಿದ್ದು ಉಟ್ಕಂಡು ನಿಂತ್ಕಳ್ಳಾಕಾಗ್ತೈತಾ?"

"ಒಂದು ಇರ್ಲಿ. ಮಳೆಗೆ ಏನು?"

"ಕಾಟನ್ ಸೀರೆ."

ಗಂಗಾಶ್ರೀ ಸೀರೆಯೊಂದನ್ನು ಬಕೆಟ್ಟಿನ ನೀರಿಗೆ ಅದ್ದಿ, ಹಿಂಡಿ, ಪಡಸಾಲೆಯ ಹಗ್ಗಕ್ಕೆ ಹಾಕಿದಳು. ಶಿಕಾರಿಪುರದಲ್ಲೂ ಆಗ ಜಿಟಿಜಿಟಿ ಮಳೆ ಹಿಡಿದಿತ್ತು. ಎರಡು ದಿನವಾದರೂ ಸೀರೆ ಒಣಗಲಿಲ್ಲ. ಮೂರನೆಯ ದಿನ ಮುಗ್ಗಲು ವಾಸನೆ ಹೊಡೆಯಿತು. ಸೊಸೆ ಅದರ ಸೆರಗು ಹಿಡಿದು ಅತ್ತೆಗೆ ತೋರಿಸಿದಳು.

"ಒದ್ದೆ ಸೀರೆ ಕಾಲಿಗೆ ಸುತ್ಕಂಡ್ರೆ ಇಳಿಜಾರಲ್ಲಿ ಬೀಳ್ತೀರಿ. ಅಲ್ಲಿ ಜಿಗಣೆನೂ ಅದಾವಂತೆ. ಎರಡು ಚೂಡಿದಾರ್ ಹೊಲಿಸ್ತೀನಿ, ಬೆಟ್ಟದಾಗೆ ಮಾತ್ರ ಹಾಕ್ಕಳ್ರಿ."

ಇದುವರೆಗೆ ಪೇಪರಿನ ಹಿಂದೆ ಕೂತಿದ್ದ ಸದಾಶಿವಪ್ಪ ಪೇಪರು ಇಳಿಸಿದ. "ಅರವತ್ತಾದ ಮೇಲೆ ಚೂಡಿದಾರ ಹಾಕ್ಸಿ ಜನರ ಮುಂದೆ ನಿಲ್ಲಿಸ್ತೀಯೇನಮ್ಮ?"

"ಜಾರಿ ಬಿದ್ದು ಸೊಂಟ ಮುರ್ಕಂಡ್ರೆ ನೀವು ಎತ್ಕಂಡು ಬರ್ತೀರಾ ಮಾವ?"

"ಅದಕ್ಕೇ ಹೋಗೋದು ಬ್ಯಾಡ ಅಂತಿರೋದು. ಹೊಲ ಮಾಡ್ದೋನು ಮನೇಲಿ, ಹೆಸರಿಗಷ್ಟೇ ಇರೋಳು ಟೂರಿಗೆ. ಯಾವ ನ್ಯಾಯ ಇದು?"

ಬೆಲ್ಲದ ಡಬ್ಬಿ ಒರೆಸುತ್ತಿದ್ದ ದ್ಯಾಮಮ್ಮ ಬಟ್ಟೆ ಕೆಳಗಿಟ್ಟಳು.

"ಹೆಸರಿಗಷ್ಟೇ ಅಂದ್ರಲ್ಲ. ಆ ಮಡೀನಾಗೆ ಬಗ್ಗಿ ಬಗ್ಗಿ ನನ್ನ ಬೆನ್ನು ಗೂನಾಗೈತೆ. ಅದು ಯಾರ ಹೆಸರಿಗೆ ಬರೀಬೇಕು?"

ಕೂಗಿ ಹೇಳಲಿಲ್ಲ. ಉಪ್ಪು ಮುಗಿದಿದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು. ಸದಾಶಿವಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸಂಜೆ ಬರುವಾಗ ಅವಳಿಗೆ ಇಷ್ಟದ ಮಿರ್ಚಿ ಬಜ್ಜಿಯ ಪೊಟ್ಟಣ ತಂದಿದ್ದ. ಅವಳಿಗೆ ಕೊಡದೆ ಕಟ್ಟೆಯ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ಅವಳೂ ಕೇಳದೆ ತಟ್ಟೆಗೆ ಹಾಕಿ ಎಲ್ಲರಿಗೂ ಹಂಚಿದಳು.

ಆ ವಾರ ದ್ಯಾಮಮ್ಮ ಮನೆಗೂ ಪಾಠ ಶುರು ಮಾಡಿದಳು. ರಾಜಕುಮಾರನಿಗೆ ಹಾಲು ಕಾಯಿಸಿ ಚಹಾ ಮಾಡುವುದನ್ನು ಕಲಿಸಿದಳು. ಅವನು ಮೊದಲ ದಿನ ಹಾಲು ಉಕ್ಕಿಸಿದ, ಎರಡನೆಯ ದಿನ ಸಕ್ಕರೆ ಮರೆತ. ಅನ್ನ, ಬೇಳೆ ಕುಕ್ಕರಿಗಿಡುವುದು ಧನ್ಯಾಳಿಗೆ ಬಂತು. "ಮಾವಾರಿಗೆ ಏನು ಕೆಲ್ಸ?" ಎಂದು ಗಂಗಾಶ್ರೀ ಕೇಳಿದಾಗ ದ್ಯಾಮಮ್ಮ, "ಅವ್ರು ಉಂಡ್ರೆ ಸಾಕು," ಎಂದಳು.

ಹೊರಡಲು ಆರು ದಿನವಿರುವಾಗ ಗುತ್ಯಪ್ಪನ ಫೋನು ಬಂತು. ಬದುವಿನ ಕಡೆಯ ಮಡಿಯಲ್ಲಿ ಶುಂಠಿ ಎಲೆ ಹಳದಿ ತಿರುಗುತ್ತಿದೆಯಂತೆ.

ಗಂಡ ಹೆಂಡತಿ ಬೈಕಿನಲ್ಲಿ ಆನವಟ್ಟಿ ಮೇಲೆ ಹೊಸಬಾಳೆಗೆ ಹೋದರು. ಹೊಲದಲ್ಲಿ ಇಳಿದವಳೇ ದ್ಯಾಮಮ್ಮ ಸೀರೆ ಎತ್ತಿ ಕಟ್ಟಿ ಮಡಿಯ ನಡುವೆ ನಡೆದಳು. ಅಲ್ಲಲ್ಲಿ ಬಗ್ಗಿ, ಬುಡದ ಮಣ್ಣು ಬೆರಳಲ್ಲಿ ತೆಗೆದು ಮೂಗಿಗೆ ಹಿಡಿದಳು. ಕೊಳೆ ರೋಗ ಬಿದ್ದ ಶುಂಠಿ ಎಲೆಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಗಡ್ಡೆಯಲ್ಲಿ ನಾರುತ್ತದೆ. ಅವಳು "ಇದು, ಇದು, ಇದಲ್ಲ, ಆ ಮೂರು" ಎಂದು ಕಡ್ಡಿ ನೆಟ್ಟು ಹೋದ ಹಾಗೆ ಗುತ್ಯಪ್ಪ ಕಿತ್ತು ಬುಟ್ಟಿಗೆ ಹಾಕಿದ. ಸದಾಶಿವಪ್ಪ ನೀರು ಬಸಿದು ಹೋಗಲು ಕಾಲುವೆ ತೋಡಿದ.

ಮಧ್ಯಾಹ್ನ ಮಳೆ ಜೋರಾಯಿತು. ಅವನು ತನ್ನ ಹೊಸ ರೇನ್‌ಕೋಟು ಬಿಚ್ಚಿ ಅವಳ ಕಡೆ ಚಾಚಿದ.

"ಹಾಕ್ಕ."

"ನಿಮಗೆ?"

"ನಾನು ಹೆಂಗೂ ನೆಂದೀನಿ."

ಪಕ್ಕದ ತೋಟದ ವಾಸಂತಿ ಫ್ಲಾಸ್ಕಿನಲ್ಲಿ ಕಷಾಯ ಹಿಡಿದು ಬಂದಳು. ಅವಳ ಗಂಡನ ಹೆಸರು ಮಾಬ್ಲೇಶ್ವರ. ತೋಟದ ಪಹಣಿ ಅವಳ ಹೆಸರಿಗೇ, ಮೆಣಸಿನ ಬಳ್ಳಿಯೆಲ್ಲ ಅವಳದೇ ಉಸ್ತುವಾರಿ. ಪ್ರವಾಸದ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು.

"ಬ್ಯಾಗು ಕಟ್ಟಿ ಆಯ್ತಾ ಮಾರಾಯ್ತಿ? ನಂದು ಹದಿಮೂರು ಕಿಲೋದ ಕೆಳಗೆ ಇಳಿಯೂದೇ ಇಲ್ಲ."

ದ್ಯಾಮಮ್ಮನ ಬದಲು ಸದಾಶಿವಪ್ಪ ಉತ್ತರ ಕೊಟ್ಟ. "ಎಲ್ಲೀ ಬ್ಯಾಗು ವಾಸಂತಮ್ಮ. ಹೊಲ ಕೊಳೀತಿರೋವಾಗ ಯಾರು ಹೋಗ್ತಾರೆ?"

"ಕೊಳೀತೈತೆ ಅಂತಲೇ ಹೋಗಬೇಕು," ಎಂದಳು ದ್ಯಾಮಮ್ಮ. "ಅಲ್ಲಿ ವರ್ಷದಾಗೆ ಆರು ತಿಂಗಳು ಮಳೆ ಅಂತಾರೆ. ಅವ್ರ ಶುಂಠಿ ಹೆಂಗೆ ನಿಂತೈತೆ ನೋಡ್ಕಂಡು ಬರ್ತೀನಿ."

ವಾಸಂತಿ ಇಬ್ಬರ ಮುಖವನ್ನೂ ನೋಡಿ, ಕಷಾಯ ಬಗ್ಗಿಸಿ ಕೊಟ್ಟು, ಒಲೆ ಮೇಲೆ ಏನೋ ಇಟ್ಟಿದ್ದೇನೆಂದು ಹೊರಟುಹೋದಳು.

ಕೆಲಸ ಮುಗಿದು ಗುತ್ಯಪ್ಪನೂ ಮನೆಗೆ ಹೋದ ಮೇಲೆ ಇಬ್ಬರೂ ಪಂಪಿನ ಶೆಡ್ಡಿನಲ್ಲಿ ಮಳೆ ನಿಲ್ಲಲೆಂದು ಕೂತರು. ಸದಾಶಿವಪ್ಪ ಕೈಯ ಕೆಸರು ತಿಕ್ಕುತ್ತಾ ಇದ್ದ. ಎದುರಿನ ಗೋಡೆಗೆ ಹೇಳುವವನ ಹಾಗೆ ಹೇಳಿದ.

"ನೀನು ಹೋದ್ಮೇಲೆ ಹೊಲ ಯಾರು ನೋಡ್ತಾರೆ?"

"ನೀವಿದೀರಲ್ಲ."

"ನನಗೆ ಕೊಳೆ ಗೊತ್ತಾಗಲ್ಲ. ಕೊರೊನಾ ಜ್ವರ ಬಂತಲ್ಲ, ಅವತ್ತಿಂದ ನನ್ನ ಮೂಗಿಗೆ ಏನೂ ಹತ್ತಲ್ಲ. ಊದುಬತ್ತಿ ಹಚ್ಚಿದ್ರೂ ಇಲ್ಲ, ಸಗಣಿ ತುಳಿದ್ರೂ ಇಲ್ಲ. ಬರ್ತೈತೆ ಬರ್ತೈತೆ ಅಂತ ಕಾಯ್ದೆ, ಬರಲಿಲ್ಲ. ಯಾರಿಗೂ ಹೇಳಿಲ್ಲ."

ದ್ಯಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೆ ಗೊತ್ತು."

"ಹೆಂಗೆ ಗೊತ್ತು?"

"ಎರಡು ವರ್ಷದ ಹಿಂದೆ ಹಳಸಿದ ಸಾರು ಚೆನ್ನಾಗೈತೆ ಅಂತ ಎರಡು ಸಲ ಹಾಕಿಸ್ಕಂಡು ಉಂಡ್ರಿ. ಅವತ್ತೇ ಗೊತ್ತಾತು. ಅವತ್ತಿಂದ ನಿಮ್ಮ ಊಟ ನಾನು ಮೂಸಿ ನೋಡದೆ ಹಾಕಿಲ್ಲ. ಹೊಲದಾಗೂ ನಿಮಗಿಂತ ಮುಂದೆ ನಡೀತಿದ್ದೆ."

ಸದಾಶಿವಪ್ಪ ಕೈ ತಿಕ್ಕುವುದನ್ನು ನಿಲ್ಲಿಸಿದ. "ಹೇಳಬೌದಿತ್ತು ನೀನು."

"ನೀವು ಹೇಳ್ಲಿ ಅಂತಿದ್ದೆ."

ತಗಡಿನ ಮೇಲೆ ಮಳೆ ಕಡಿಮೆಯಾಗಿತ್ತು. ಅವನು ಕೇಳಿದ: "ಗೊತ್ತಿದ್ದೂ ಬಿಟ್ಟು ಹೋಗ್ತೀನಿ ಅಂತೀಯಲ್ಲ."

"ಬಿಟ್ಟು ಹೋಗಲ್ಲ. ಧನ್ಯಾಗೆ ಹೇಳಿಕೊಟ್ಟು ಹೋಗ್ತೀನಿ. ಅವಳ ಮೂಗು ನನ್ನ ಮೂಗೇ. ಫ್ರಿಜ್ಜಿನಾಗೆ ಬೆಳ್ಳುಳ್ಳಿ ಇಟ್ರೂ ಹಾಲು ಕುಡಿಯಲ್ಲ. ಮನೆಯೋರಿಗೆ ಗೊತ್ತಾದ್ರೆ ಏನೂ ತಪ್ಪಿಲ್ಲ ಬಿಡ್ರಿ."

ಬೈಕು ಹತ್ತುವಾಗ ಕೊಳೆತ ಗಡ್ಡೆ ಎರಡನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಹ್ಯಾಂಡಲಿಗೆ ತೂಗುಹಾಕಿದವನು ಅವನೇ.

ಧನ್ಯಾ ಅದನ್ನು ಮೂಸಿ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು. ಆಮೇಲೆ ವಾಪಸ್ ಬಂದಳು. ದ್ಯಾಮಮ್ಮ ಒಳ್ಳೆಯ ಗಡ್ಡೆ ಮೂರು, ಕೆಟ್ಟದ್ದು ಒಂದು ಮಣ್ಣಿನಲ್ಲಿ ಹುಗಿದು, ಯಾವುದೆಂದು ಕೇಳಿದಳು. ಮೊದಲ ಸಲ ಧನ್ಯಾ ತಪ್ಪಿದಳು, ಎರಡನೆಯ ಸಲ ಸರಿಯಾಗಿ ಹೇಳಿದಳು, ಆಮೇಲೆ ತಪ್ಪಲಿಲ್ಲ. ಅಜ್ಜನ ಮೂಗಿನ ವಿಷಯ ಕೇಳಿದಾಗ ಅವಳು ಸ್ವಲ್ಪವೂ ನಗಲಿಲ್ಲ. "ನಮ್ಮ ಕ್ಲಾಸಲ್ಲಿ ಇಬ್ರಿಗೆ ಹಂಗೇ ಆಗಿತ್ತು ಅಜ್ಜ," ಎಂದಳು ಅಷ್ಟೇ. ರಾಜಕುಮಾರ ಮಾತ್ರ ಮಾರನೆಯ ದಿನ ಅಂಗಡಿಗೆ ತಡವಾಗಿ ಹೋದ. ಅಪ್ಪನಿಗೆ ತಾನೇ ಚಹಾ ಮಾಡಿಕೊಟ್ಟ. ಸಕ್ಕರೆ ಸರಿಯಾಗಿತ್ತು.

ಉಳಿದ ನಾಲ್ಕು ದಿನ ಬ್ಯಾಗಿನ ಸುತ್ತ ಮನೆಯವರೆಲ್ಲ ಕೂತರು. ಸದಾಶಿವಪ್ಪ ಕೂಡ. ಸ್ವೆಟರು ಇಟ್ಟರೆ ಶಾಲು ಬೇಡ ಎಂದು ಅವನು, ಶಾಲು ಇದ್ದರೆ ಬಸ್ಸಿನಲ್ಲಿ ತಲೆದಿಂಬಾಗುತ್ತದೆ ಎಂದು ಅವಳು. ಕೊನೆಗೆ ಶಾಲು ಉಳಿಯಿತು. ಮದುರೈಗೆ ಎರಡು ತೆಳ್ಳನೆಯ ಕಾಟನ್ ಸೀರೆ, ಗುಡಿಗೆ ಒಂದು ಇಳಕಲ್ ಎಂದು ತೀರ್ಮಾನವಾಯಿತು. ಬೆಟ್ಟಕ್ಕೆ ಬೂದಿ ಬಣ್ಣದ ಒಂದು, ಕಂದು ಬಣ್ಣದ ಒಂದು ಚೂಡಿದಾರ್. ಟೈಲರ್ ಹಾಲಮ್ಮ ಅದಕ್ಕೆ ಜೇಬು ಇಟ್ಟುಕೊಟ್ಟಿದ್ದಳು. ದ್ಯಾಮಮ್ಮ ಬಾಗಿಲು ಹಾಕಿಕೊಂಡು ಹಾಕಿ ನೋಡಿ, ಯಾರಿಗೂ ತೋರಿಸದೆ ಮಡಚಿಟ್ಟಳು. ಜಿಗಣೆಗೆ ಸುಣ್ಣ, ಹೊಗೆಸೊಪ್ಪಿನ ಪುಡಿ ಕಟ್ಟಿದ ಪೊಟ್ಟಣ ಗಂಗಾಶ್ರೀ ಇಟ್ಟಳು. ಬಿಸಿಲಿಗೆಂದು ಮಜ್ಜಿಗೆ ಮೆಣಸಿನಕಾಯಿ, ಒಂದು ಛತ್ರಿ. ಛತ್ರಿ ಎರಡೂ ಊರಿಗೆ ಆಗುತ್ತದೆಂದು ಧನ್ಯಾ ಹೇಳಿದಾಗ ಎಲ್ಲರೂ ಅದೇ ಮೊದಲ ಸಲ ಒಂದು ವಸ್ತುವಿನ ಬಗ್ಗೆ ಒಪ್ಪಿದರು. ರೇನ್‌ಕೋಟಿನ ಕೆಸರು ತೊಳೆದು, ಉದ್ದವಾಗಿದ್ದ ತೋಳನ್ನು ಒಳಗೆ ಮಡಚಿ ಹೊಲಿದರು.

ರೊಟ್ಟಿಯ ವಿಷಯದಲ್ಲಿ ಮಾತ್ರ ಕೊನೆಯವರೆಗೂ ರಾಜಿಯಾಗಲಿಲ್ಲ. ಸೊಸೆ ಹದಿನೈದು ಎಣಿಸಿಟ್ಟರೆ ಅತ್ತೆ ಇಪ್ಪತ್ತೈದು ಮಾಡುತ್ತಿದ್ದಳು. ಕೊನೆಯ ತೂಕ ಹತ್ತೂ ಕಾಲು ಕಿಲೋ ಬಂತು. "ಕಾಲು ಕಿಲೋ ಹೊಟ್ಟೇಲಿ ಒಯ್ತೀನಿ," ಎಂದು ದ್ಯಾಮಮ್ಮ ಅಲ್ಲೇ ಕೂತು ಎರಡು ರೊಟ್ಟಿಗೆ ಬೆಣ್ಣೆ, ಚಟ್ನಿಪುಡಿ ಹಚ್ಚಿಕೊಂಡು ತಿಂದಳು. ತೂಕಕ್ಕೆ ಮೀರಿ ಉಳಿದ ರೊಟ್ಟಿಯನ್ನು ಮೊಮ್ಮಗಳಿಗೆ ಕೊಟ್ಟಳು.

ಹೊರಡುವ ದಿನ ರಾಜಕುಮಾರ ಪರಿಚಯದವರ ಕಾರು ತಂದ. ಐವರೂ ಹತ್ತಿದರು. ಸೊರಬ ಬಸ್ ನಿಲ್ದಾಣದಲ್ಲಿ ಇಪ್ಪತ್ತೆರಡು ಮಂದಿ ರೈತರು, ಅವರನ್ನು ಬಿಡಲು ಬಂದವರು, ಬ್ಯಾಗುಗಳು. ಶ್ರೀರಂಜಿನಿ ಪಟ್ಟಿ ಹಿಡಿದು ಕೂಗಿದಳು: "ದ್ಯಾಮಮ್ಮ ಕೋಂ ಸದಾಶಿವಪ್ಪ, ಹೊಸಬಾಳೆ."

ಬ್ಯಾಗು ಹೊತ್ತು ಮುಂದೆ ಬಂದವನು ಸದಾಶಿವಪ್ಪ. ಶ್ರೀರಂಜಿನಿ ತಲೆ ಎತ್ತಿ, "ನೀವು ಬರೋ ಹಾಗಿಲ್ಲ ಸರ್," ಎಂದಳು, ಸ್ವಲ್ಪ ಅಳುಕಿನಿಂದ.

"ಗೊತ್ತಮ್ಮ. ಬ್ಯಾಗು ಇಡಾಕೆ ಬಂದೆ."

"ಇಲ್ಲೊಂದು ಸಹಿ ಬೇಕು. ತುರ್ತು ಇದ್ರೆ ಯಾರಿಗೆ ಫೋನ್ ಮಾಡಬೇಕು ಅಂತ."

ಅವನು ನಂಬರು ಬರೆದು ಸಹಿ ಹಾಕಿದ. ಪೆನ್ನು ವಾಪಸ್ ಕೊಡುತ್ತಾ ಕೇಳಿದ: "ರಾತ್ರಿ ಊಟಕ್ಕೆ ಮಜ್ಜಿಗೆ ಇರ್ತೈತಾ? ಮಜ್ಜಿಗೆ ಇಲ್ದೆ ಅವಳಿಗೆ ನಿದ್ದೆ ಬರಲ್ಲ."

"ನೋಡ್ಕೋತೀನಿ ಸರ್."

ಬಸ್ಸು ಹೊರಟಿತು. ವಾಸಂತಿ ಕಿಟಕಿಯಿಂದ ಮಾಬ್ಲೇಶ್ವರನಿಗೆ ಏನೇನೋ ಕೂಗಿ ಹೇಳುತ್ತಿದ್ದಳು. ದ್ಯಾಮಮ್ಮ ಮಾತ್ರ ಮುಂದೆ ನೋಡುತ್ತಾ ಕೂತಿದ್ದಳು. ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದಳು.

ಮನೆ ಹೇಗೋ ನಡೆಯಿತು. ಒಂದು ದಿನ ಅನ್ನ ಮುದ್ದೆಯಾಯಿತು. ಇನ್ನೊಂದು ದಿನ ಗಂಗಾಶ್ರೀಗೆ ಮೀಟಿಂಗ್ ಬಂದು, ಸದಾಶಿವಪ್ಪ ತಾನೇ ಉಪ್ಪಿಟ್ಟು ಮಾಡುತ್ತೇನೆಂದು ನಿಂತ. ಒಗ್ಗರಣೆ ಸೀದದ್ದು ಅವನಿಗೆ ಗೊತ್ತಾಗಲಿಲ್ಲ. ಮನೆಯವರು ಮೂವರೂ ಏನೂ ಹೇಳದೆ ಉಂಡರು. ಸದಾಶಿವಪ್ಪ ಅವರ ಮುಖ ನೋಡಿ, "ಸೀದೈತೆ ಅಲ್ವಾ?" ಎಂದು ಕೇಳಿದ. "ಸ್ವಲ್ಪ ಮಾವ," ಎಂದಳು ಗಂಗಾಶ್ರೀ. ಆಮೇಲೆ ಎಲ್ಲರೂ ಬ್ರೆಡ್ಡು ತಿಂದರು.

ದಿನ ಬಿಟ್ಟು ದಿನ ಅಜ್ಜ ಮೊಮ್ಮಗಳು ಹೊಸಬಾಳೆಗೆ ಹೋದರು. ಐದನೆಯ ದಿನ ಧನ್ಯಾ ಮೂರನೆಯ ಮಡಿಯ ಹತ್ತಿರ ಬಗ್ಗಿದವಳು ಮೇಲೇಳಲಿಲ್ಲ. "ಅಜ್ಜ, ಇಲ್ಲಿ ಐತೆ."

ಗುತ್ಯಪ್ಪ ಬಂದು ನೋಡಿದ. ಎಲೆ ಹಚ್ಚಗಿತ್ತು. ಬದುವಿನ ಮೇಲೆ ನಿಂತಿದ್ದ ಮಾಬ್ಲೇಶ್ವರ, "ಚೆನ್ನಾಗೇ ಇದ್ಯಲ್ರೀ. ಹುಡುಗಿ ಮಾತು ಕೇಳಿ ಕೀಳೂದು ಬೇಡ. ನೀವೇ ಒಂಚೂರು ಮೂಸಿ ನೋಡಿ," ಎಂದ.

ಸದಾಶಿವಪ್ಪ ಮಣ್ಣು ಕೈಗೆ ತೆಗೆದುಕೊಂಡ. ಮೂಗಿನವರೆಗೆ ಒಯ್ದು, ಅಲ್ಲಿಂದಲೇ ಕೆಳಗಿಳಿಸಿದ.

"ನನಗೆ ವಾಸನೆ ಹತ್ತಲ್ಲ ಮಾಬ್ಲೇಶ್ವರಪ್ನೋರೆ. ಕೊರೊನಾ ಬಂದಾಗಿಂದ ಇಲ್ಲ. ಈ ಹೊಲದಾಗೆ ಕೊಳೆ ಕಂಡುಹಿಡಿದದ್ದೆಲ್ಲ ನಮ್ಮ ಮನೆಯೋಳು. ಈಗ ಇವಳು."

ಗುತ್ಯಪ್ಪ ನೆಲ ನೋಡಿದ. ಮಾಬ್ಲೇಶ್ವರ, "ನನ್ನ ಎಡಗಿವಿಯೂ ಹಾಂಗೇ. ವಾಸಂತಿ ಆ ಕಡೆಯಿಂದ ಬೈದ್ರೆ ಗೊತ್ತೇ ಆಗೂದಿಲ್ಲ," ಎಂದ.

"ತಡೀರಿ. ಅವಳನ್ನೇ ಕೇಳ್ತೀನಿ," ಎಂದು ಸದಾಶಿವಪ್ಪ ಫೋನು ತೆಗೆದ.

ಎರಡು ಸಲ ಸಿಗಲಿಲ್ಲ. ಮೂರನೆಯ ಸಲ ದ್ಯಾಮಮ್ಮನ ಧ್ವನಿಗಿಂತ ಮೊದಲು ಮಳೆಯ ಧ್ವನಿ ಕೇಳಿಸಿತು. ಅವನು ವಿಷಯ ಹೇಳಿದ. ಯಾವ ಮಡಿ, ಎಲೆ ಹೇಗಿದೆ, ನೀರು ನಿಂತಿದೆಯೋ ಎಂದು ಅವಳು ಕೇಳಿದಳು. "ಇಲ್ಲೊಬ್ರು ಯಜಮಾನ್ರು ಅದಾರೆ. ಅವ್ರ ಮಾತು ನಮಗೆ ತಿಳಿಯಲ್ಲ, ಜೊತೆಗೆ ಬಂದ ಹುಡುಗ್ರು ಕನ್ನಡದಾಗೆ ಹೇಳ್ತಾರೆ. ಇರ್ರಿ, ಕೇಳ್ತೀನಿ." ಆ ಕಡೆ ಯಾರದೋ ಮಾತು, ಇನ್ನಾರದೋ ಮಾತು. ಮತ್ತೆ ಅವಳು ಬಂದಳು.

"ಎಲೆ ಹಳದಿ ಆಗೋವರ್ಗೂ ಕಾಯಬಾರ್ದಂತೆ. ಧನ್ಯಾ ಹೇಳಿದ್ದು ಕೀಳ್ರಿ. ಸುತ್ತ ಒಂದು ಮೊಳ ಮಣ್ಣು ಸಮೇತ ತೆಗೀರಿ. ಗುಂಡಿಗೆ ಸುಣ್ಣ ಹಾಕ್ರಿ. ಆ ಮಡಿ ನೀರು ಪಕ್ಕದ ಮಡಿಗೆ ಹೋಗದಂಗೆ ಕಟ್ರಿ. ಅದೇ ಸನಿಕೆ ತಗಂಡು ಒಳ್ಳೇ ಮಡಿಗೆ ಇಳೀಬ್ಯಾಡ್ರಿ, ತೊಳೀರಿ. ನಾವು ಇಷ್ಟು ವರ್ಷ ಮಾಡಿದ ತಪ್ಪು ಅದೇ."

ಸದಾಶಿವಪ್ಪ ಒಂದೊಂದು ಮಾತನ್ನೂ ಗಟ್ಟಿಯಾಗಿ ಗುತ್ಯಪ್ಪನಿಗೆ ತಿರುಗಿಸಿ ಹೇಳಿದ. ಗುತ್ಯಪ್ಪ ಸನಿಕೆ ಎತ್ತಿಕೊಂಡ. ಮಾಬ್ಲೇಶ್ವರನೂ ಪಂಚೆ ಎತ್ತಿ ಕಟ್ಟಿ ಇಳಿದ.

ಕೆಲಸದ ಮಾತು ಮುಗಿದಿತ್ತು. ನಲವತ್ತೈದು ವರ್ಷದ ಸಂಸಾರದಲ್ಲಿ ಇಬ್ಬರೂ ಫೋನಿನಲ್ಲಿ ಆಡಿದ್ದೆಂದರೆ 'ಎಲ್ಲಿದೀರಿ', 'ಊಟಕ್ಕೆ ಬರ್ರಿ', ಅಷ್ಟೇ. ಸದಾಶಿವಪ್ಪ ಕೆಂಪು ಗುಂಡಿ ಒತ್ತಲು ಬೆರಳು ತಂದವನು ಒತ್ತಲಿಲ್ಲ.

"ಅಲ್ಲಿ ಹೆಂಗೈತೆ?" ಎಂದು ಕೇಳಿದ.

"ಏನು ಹೇಳ್ಲಿ. ಮದುರೈನಾಗೆ ಬಿಸಿಲು ಅಂದ್ರೆ ಕಾದ ಹಂಚಿನ ಮೇಲೆ ನಿಂತಂಗೆ. ಗುಡಿ ಮಾತ್ರ ನೋಡಾಕೆ ಒಂದು ದಿನ ಸಾಲಲ್ಲ. ಇಲ್ಲಿ ಮೋಡ ಬಾಗಿಲೊಳಗೇ ಬರ್ತೈತೆ. ವಾಸಂತಿಗೆ ಏಳು ಜಿಗಣೆ ಹಿಡಿದವು, ನನಗೆ ಒಂದೂ ಇಲ್ಲ."

"ಚೂಡಿದಾರ ಹಾಕಿದೀಯಾ?"

"ಹೂಂ. ಎರಡು ದಿನದಿಂದ ಅದೇ."

"ಹೆಂಗೈತೆ?"

"ಜೇಬು ಐತೆ. ಈ ಫೋನು, ಒಂದು ಬೆಲ್ಲ, ಎಲ್ಲ ಅದ್ರಾಗೇ. ಚೆನ್ನಾಗೈತೆ."

ಸದಾಶಿವಪ್ಪ ನಕ್ಕ. ಅವನು ನಕ್ಕದ್ದು ಕೇಳಿ ಧನ್ಯಾ ತಲೆ ಎತ್ತಿ ನೋಡಿ, ಮತ್ತೆ ಮಡಿಯ ಕಡೆ ಬಗ್ಗಿದಳು. ದ್ಯಾಮಮ್ಮ ಗುಡಿಯ ಕಂಬಗಳ ಬಗ್ಗೆ, ಊಟಕ್ಕೆ ಕೊಟ್ಟ ಕೆಂಪಕ್ಕಿ ಅನ್ನದ ಬಗ್ಗೆ, ತನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಇಳಿಜಾರಿನಲ್ಲಿ ಬರಿಗಾಲಲ್ಲಿ ಓಡುತ್ತಾ ಮೆಣಸು ಕೊಯ್ಯುವ ಏಣಿ ಹೊತ್ತದ್ದರ ಬಗ್ಗೆ ಹೇಳುತ್ತಾ ಹೋದಳು.

"ಯಜಮಾನ್ರೆ, ಗುಂಡಿ ಆತು," ಎಂದು ಗುತ್ಯಪ್ಪ ಕೂಗಿದ. "ಸುಣ್ಣ ಎಲ್ಲೈತೆ?"

ಸದಾಶಿವಪ್ಪ ಫೋನಿಗೆ ಕೈ ಅಡ್ಡ ಹಿಡಿದ. "ಶೆಡ್ಡಿನಾಗೈತೆ, ತಗಾ. ನೀವು ಮಾಡ್ತಿರ್ರಿ, ನಾನು ಮಾತಾಡ್ತಿದೀನಿ."

ಬದುವಿನ ಮೇಲೆ ಒಂದು ಒಣ ಜಾಗ ನೋಡಿಕೊಂಡು ಕೂತ. ಫೋನನ್ನು ಮತ್ತೆ ಕಿವಿಗೆ ಒತ್ತಿದ.

"ಹೂಂ, ಹೇಳು. ಏಣಿ ಹೊತ್ಕಂಡು ಓಡಿದ್ಲು. ಆಮೇಲೆ?"